ಲ್ಯಾಪ್‌ಟಾಪಿನ ಅಂಚಿಗೆ ಅರ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯಲ್ಲಿ ಮನೆಯಿಂದಲೇ ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನದ ಹೆಚ್ಚಿನ ಹೊತ್ತು ಟೈಪಿಂಗೇ. ನನ್ನ ಅಲ್ಯೂಮಿನಿಯಂ ಲ್ಯಾಪ್‌ಟಾಪಿನ ಮುಂದಿನ ಅಂಚನ್ನು ಅರದಿಂದ ಉಜ್ಜಿ ಉರುಟು ಮಾಡಿಕೊಂಡಿದ್ದೇನೆ. ನೋಡಿದವರಿಗೆ ಮೊದಲು ಗಾಬರಿ, ಆಮೇಲೆ ಕುತೂಹಲ. ಮಣಿಪಾಲದ ವಿದ್ಯಾರ್ಥಿಗಳಿಂದ ಹಿಡಿದು ಮಂಗಳೂರಿನ ಐಟಿ ಕೆಲಸದವರವರೆಗೆ ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇನೆ.

ಅಷ್ಟು ದುಡ್ಡು ಕೊಟ್ಟು ತಂದದ್ದಕ್ಕೆ ಅರ ಹಾಕುವುದಾ? ಮನಸ್ಸಾದರೂ ಹೇಗೆ ಬಂತು?

ದುಡ್ಡು ಕೊಟ್ಟಿದ್ದೇನೆ ಅಂತಲೇ ಹಾಕಿದ್ದು. ದಿನವಿಡೀ ನನ್ನ ಮಣಿಕಟ್ಟು ಆ ಅಂಚಿನ ಮೇಲೆ ಕೂರುತ್ತದೆ. ಸಂಜೆ ಹೊತ್ತಿಗೆ ಅಂಗೈ ಬುಡದಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ ಎದ್ದಿರುತ್ತಿತ್ತು, ಒತ್ತಿದರೆ ನೋವು. ನಮ್ಮ ತೋಟದ ಕೆಲಸದವರು ಹೊಸ ಕತ್ತಿಯ ಹಿಡಿ ಕೈಗೆ ಹೊಂದದಿದ್ದರೆ ಕೆರೆದು ಸರಿ ಮಾಡಿಕೊಳ್ಳುತ್ತಾರೆ, ಕತ್ತಿ ಹಾಳಾಯಿತು ಅಂತ ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪೂ ನನಗೆ ಕೆಲಸದ ಹತ್ಯಾರೇ. ನೋಡಲು ಚಂದ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಚಂದಕ್ಕಾಗಿ ಕೈ ನೋಯಿಸಿಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಅಂಚು ಅಷ್ಟು ಚೂಪು ಇರುವುದು ಯಾಕೆ?

ಮಾಡುವ ರೀತಿಯೇ ಹಾಗೆ. ಆ್ಯಪಲ್‌ನವರು 2008ರ ಅಕ್ಟೋಬರಿನಲ್ಲಿ ಅಲ್ಯೂಮಿನಿಯಂನ ಒಂದೇ ಗಟ್ಟಿಯನ್ನು ಮೆಷಿನಿನಲ್ಲಿ ಕೊರೆದು ಮಾಡಿದ ಮ್ಯಾಕ್‌ಬುಕ್ ತಂದರು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಮೇಲಿನ ಚಪ್ಪಟೆ ಭಾಗ ಮತ್ತು ಮುಂದಿನ ಬದಿ ಸೇರುವ ಜಾಗ ಹೆಚ್ಚುಕಡಿಮೆ ಮೂಲೆಯಾಗಿಯೇ ಉಳಿಯುತ್ತದೆ. ಫೋಟೋದಲ್ಲಿ ಆ ಗೆರೆ ತುಂಬ ಚೊಕ್ಕ ಕಾಣುತ್ತದೆ. ಮುಚ್ಚಳ ತೆರೆಯಲು ಬೆರಳು ಹಾಕುವ ತಗ್ಗು ಇದೆಯಲ್ಲ, ಅದರ ಎರಡು ಕೊನೆಗಳನ್ನು ಮುಟ್ಟಿ ನೋಡಿ. ಇಡೀ ಲ್ಯಾಪ್‌ಟಾಪಿನಲ್ಲಿ ಜಾಸ್ತಿ ಚುಚ್ಚುವ ಜಾಗ ಅದೇ.

ನನ್ನ ಕೈನೋವು ಇದರಿಂದ ಹೋಗುತ್ತದಾ?

ಚರ್ಮದ ಮೇಲೆ ಗೆರೆ ಬೀಳುವುದು, ಒತ್ತಿದ ಜಾಗದ ನೋವು, ಇವು ಖಂಡಿತ ಕಡಿಮೆಯಾಗುತ್ತವೆ. ಅದಕ್ಕಿಂತ ಆಚೆಗಿನದ್ದಕ್ಕೆ ಅರ ಮದ್ದಲ್ಲ.

ಮಣಿಕಟ್ಟಿನ ನಡುವೆ ಒಂದು ಇಕ್ಕಟ್ಟಿನ ದಾರಿಯಲ್ಲಿ ಮೀಡಿಯನ್ ನರ ಹಾದುಹೋಗುತ್ತದೆ. ಅದು ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳಿನ ಕಡೆ ಅಂಗೈ ಬುಡದಲ್ಲಿ ಅಲ್ನರ್ ನರ ಇದೆ. ಅಲ್ಲಿ ಒತ್ತಿದರೆ ಕಿರುಬೆರಳು, ಉಂಗುರಬೆರಳು ಮರಗಟ್ಟುತ್ತವೆ. ರಾತ್ರಿ ಜೋಮಿನಿಂದ ಎಚ್ಚರವಾಗುವುದು, ಲೋಟ ಕೈಜಾರುವುದು ಎಲ್ಲ ಇದ್ದರೆ ಸುಮ್ನೆ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಮಾತು. ಅರ ತರುವ ಮೊದಲು ಮೇಜಿನ ಎತ್ತರ ನೋಡಿ. ನಮ್ಮಲ್ಲಿ ಹೆಚ್ಚಿನವರು ಊಟದ ಮೇಜಿನ ಮೇಲೆ ಕೆಲಸ ಮಾಡುತ್ತಾರೆ. ಅದು ಸುಮಾರು 75 ಸೆಂಟಿಮೀಟರ್ ಎತ್ತರ ಇರುತ್ತದೆ, ಗಿಡ್ಡ ಇರುವವರಿಗೆ ಟೈಪಿಂಗಿಗೆ ಜಾಸ್ತಿಯೇ. ಮೊಣಕೈ ಕೆಳಗೆ, ಅಂಗೈ ಮೇಲೆ ಆದಾಗ ಇಡೀ ಕೈಯ ಭಾರ ಆ ಅಂಚಿಗೇ ಬೀಳುತ್ತದೆ. ಕುರ್ಚಿಗೆ ಒಂದು ದಿಂಬು ಹಾಕಿ, ಕಾಲಡಿಗೆ ಮಣೆ ಇಟ್ಟು ಒಂದು ವಾರ ನೋಡಿ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

ಯಾವ ಲ್ಯಾಪ್‌ಟಾಪಿಗೂ ಮಾಡಬಹುದಾ?

ಇಲ್ಲ. ಇದನ್ನು ಸರಿಯಾಗಿ ಓದಿ.

ಗಟ್ಟಿ ಅಲ್ಯೂಮಿನಿಯಂ ಬಾಡಿ ಆದರೆ ಮಾಡಬಹುದು. ಪ್ಲಾಸ್ಟಿಕ್ ಆದರೆ ಸಿಪ್ಪೆ ತೆಳು ಇರುತ್ತದೆ, ಅಂಚಿನ ಒಳಗಡೆಯೇ ಕ್ಲಿಪ್ಪುಗಳು ಇರುತ್ತವೆ. ಅಲ್ಲಿ ಎದ್ದು ನಿಂತ ಗೆರೆಯನ್ನು 400 ನಂಬರಿನ ಪಾಲಿಶ್ ಪೇಪರಿನಲ್ಲಿ ಸವರಿ ಬಿಟ್ಟುಬಿಡಿ. ಕಾರ್ಬನ್ ಫೈಬರ್ ಆದರೆ ಬೇಡ. ಅದರ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ, ಕತ್ತರಿಸಿದ ಎಳೆ ಸೂಜಿಯ ಹಾಗೆ ಚುಚ್ಚುತ್ತದೆ.

ಮ್ಯಾಗ್ನೀಸಿಯಂ ಮಿಶ್ರಲೋಹ ಆದರೆ ಮುಟ್ಟಲೇಬೇಡಿ. ತೂಕ ಕಡಿಮೆ ಅಂತ ಹೇಳಿ ಮಾರುವ ಎಲ್‌ಜಿ ಗ್ರಾಮ್‌ನಂಥವು, ಕೆಲವು ಥಿಂಕ್‌ಪ್ಯಾಡ್‌ಗಳು ಈ ಲೋಹದವು. ಮ್ಯಾಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಕಣ್ಣಿಗೆ ಅಲ್ಯೂಮಿನಿಯಂ, ಮ್ಯಾಗ್ನೀಸಿಯಂ ಎರಡೂ ಒಂದೇ ತರ ಕಾಣುತ್ತವೆ, ಸಾಲದ್ದಕ್ಕೆ ಮೇಲೆ ಬಣ್ಣವನ್ನೂ ಬಳಿದಿರುತ್ತಾರೆ. ಕಂಪನಿಯ ವಿವರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಯಾವ ಲೋಹದ್ದು ಅಂತ ಬರೆದದ್ದು ಸಿಗದಿದ್ದರೆ ಆ ವಿಚಾರ ಅಲ್ಲಿಗೇ ಬಿಡಿ.

ವಾರಂಟಿ ಹೋಗುತ್ತದಾ?

ಹೋಗುವ ಸಾಧ್ಯತೆ ಇದೆ, ಕನಿಷ್ಠ ತಕರಾರಾದರೂ ಬರುತ್ತದೆ. ಬಾಡಿಯನ್ನು ಬದಲಾಯಿಸಿದ್ದು ಕಂಡರೆ ಸರ್ವಿಸ್ ಸೆಂಟರಿನವರಿಗೆ ಬೇಡ ಅನ್ನಲು ಒಂದು ಕಾರಣ ಸಿಕ್ಕ ಹಾಗಾಯಿತು. ಮೊದಲ ವರ್ಷ ಮುಗಿಯುವವರೆಗೆ ಕಾಯಿರಿ. ಅಲ್ಲಿವರೆಗೆ ಕೆಳಗೆ ಹೇಳಿದ ಬಟ್ಟೆಯ ಟೇಪಿನ ಉಪಾಯ ಸಾಕು.

ಏನೇನು ಬೇಕು, ಎಲ್ಲಿ ಸಿಗುತ್ತದೆ?

ಒಂದು ಚಪ್ಪಟೆ ಸ್ಮೂತ್ ಫೈಲ್, ಅಂದರೆ ನುಣ್ಣಗಿನ ಹಲ್ಲಿನ ಅರ. ಆ ತಗ್ಗಿನ ಕೊನೆಗಳಿಗೆ ಒಂದು ಅರ್ಧ ಉರುಟಿನ ಸಣ್ಣ ನೀಡಲ್ ಫೈಲ್. ಪಾಲಿಶ್ ಪೇಪರ್ 220, 400, 800 ನಂಬರಿನವು ಒಂದೊಂದು ಹಾಳೆ. ಮಾಸ್ಕಿಂಗ್ ಟೇಪ್, ದಪ್ಪ ಪ್ಲಾಸ್ಟಿಕ್ ಹಾಳೆ, ಮಾರ್ಕರ್ ಪೆನ್, ಮಾಸ್ಕ್, ಹಳೆಯ ಟೂತ್‌ಬ್ರಷ್, ಒಂದು ಸೀಮೆಸುಣ್ಣ. ಮಂಗಳೂರಿನವರಾದರೆ ಬಂದರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಉಡುಪಿಯಲ್ಲಿ ಯಾವ ದೊಡ್ಡ ಹಾರ್ಡ್‌ವೇರ್ ಅಂಗಡಿಯಾದರೂ ಆದೀತು. 800 ನಂಬರ್ ಸಿಗದಿದ್ದರೆ ಕಾರಿನ ಬಣ್ಣದ ಅಂಗಡಿಯಲ್ಲಿ ವಾಟರ್ ಪೇಪರ್ ಕೇಳಿ.

ಇವಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಿಟಕಿ ಬಾಗಿಲು ಮಾಡುವ ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಅಂಗಡಿಗೆ ಹೋಗಿ ಒಂದು ಅಡಿ ಉದ್ದದ ವೇಸ್ಟ್ ತುಂಡು ಕೇಳಿ ತನ್ನಿ. ಬಿಸಾಡುವ ತುಂಡು, ಸಾಮಾನ್ಯವಾಗಿ ಕೊಡುತ್ತಾರೆ. ಅರ ಎಷ್ಟು ಒತ್ತಬೇಕು, ಯಾವ ಕೋನದಲ್ಲಿ ಹಿಡಿಯಬೇಕು ಅನ್ನುವುದನ್ನು ಓದಿ ಕಲಿಯಲಾಗುವುದಿಲ್ಲ. ಆ ತುಂಡಿನ ನಾಲ್ಕೂ ಮೂಲೆಯನ್ನು ನಿಮಗೆ ಸಮಾಧಾನ ಆಗುವ ಹಾಗೆ ಉರುಟು ಮಾಡಿದ ಮೇಲೆಯೇ ಲ್ಯಾಪ್‌ಟಾಪಿಗೆ ಕೈ ಹಾಕಿ.

ಸರಿ, ಮಾಡುವುದು ಹೇಗೆ?

ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಚಾರ್ಜರ್ ಎಳೆಯಿರಿ. ಈಗಿನ ಮ್ಯಾಕ್‌ಬುಕ್‌ಗಳು ಮುಚ್ಚಳ ತೆರೆದ ಕೂಡಲೇ ತಾವಾಗಿ ಆನ್ ಆಗುತ್ತವೆ, ಹಾಗಾಗಿ ಮುಚ್ಚಳ ತೆರೆದಿಟ್ಟೇ ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು.

ಆಮೇಲೆ ಮುಚ್ಚುವ ಕೆಲಸ. ಕೀಬೋರ್ಡ್, ಸ್ಪೀಕರಿನ ತೂತು, ಟ್ರ್ಯಾಕ್‌ಪ್ಯಾಡಿನ ಸುತ್ತಲಿನ ಸಂದು, ಬದಿಯ ಪೋರ್ಟುಗಳು, ಮೈಕಿನ ಸೂಜಿತೂತು, ಅಡಿಯ ಗಾಳಿ ಕಿಂಡಿ, ಎಲ್ಲದರ ಮೇಲೂ ಟೇಪ್. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹಾಳೆಯ ಮುಂದಿನ ತುದಿಯನ್ನು ಅಂಚಿನಿಂದ ಒಂದು ಬೆರಳು ಹಿಂದಕ್ಕೆ ಉದ್ದಕ್ಕೂ ಟೇಪ್ ಹಾಕಿ ಕೂರಿಸಿ. ಪರದೆಗೂ ಒಂದು ಹಾಳೆ. ಇದಕ್ಕೆ ಉಜ್ಜುವುದಕ್ಕಿಂತ ಜಾಸ್ತಿ ಹೊತ್ತು ಬೇಕು. ಅವಸರ ಮಾಡಬೇಡಿ.

ಮೇಜಿನ ಮೇಲೆ ಒಂದು ಬೈರಾಸು ಮಡಚಿ ಹಾಸಿ ಅದರ ಮೇಲೆ ಲ್ಯಾಪ್‌ಟಾಪ್ ಇಡಿ. ಮುಂದಿನ ಅಂಚು ಮೇಜಿನಿಂದ ಒಂದಿಂಚು ಹೊರಗೆ ಚಾಚಿರಲಿ. ಮುಚ್ಚಳ ಗೋಡೆಗೆ ಆನಿಸಿ, ಅಥವಾ ಮನೆಯಲ್ಲಿ ಯಾರಾದರೂ ಹಿಡಿದುಕೊಳ್ಳಲಿ. ಅಂಚಿನ ಉದ್ದಕ್ಕೂ ಮಾರ್ಕರಿನಲ್ಲಿ ಕಪ್ಪು ಬಳಿಯಿರಿ. ಎಲ್ಲಿ ಅರ ತಾಗಿದೆ, ಎಲ್ಲಿ ಬಿಟ್ಟಿದೆ ಅನ್ನುವುದು ಈ ಕಪ್ಪು ನೋಡಿಯೇ ಗೊತ್ತಾಗುವುದು. ಅರದ ಹಲ್ಲಿಗೆ ಸೀಮೆಸುಣ್ಣ ಉಜ್ಜಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಹಲ್ಲಿನ ಸಂದಿಯಲ್ಲಿ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿದ ಒಂದು ಚೂರು ಅಂಚಿನ ಮೇಲೆ ಆಳವಾದ ಗೀರು ಎಳೆದರೆ ಅದನ್ನು ತೆಗೆಯಲು ಇನ್ನಷ್ಟು ಉಜ್ಜಬೇಕಾಗುತ್ತದೆ. ಸೀಮೆಸುಣ್ಣ ಇದ್ದರೆ ಪುಡಿ ಸಲೀಸಾಗಿ ಉದುರುತ್ತದೆ.

ಅರವನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು, ಲ್ಯಾಪ್‌ಟಾಪಿನಿಂದ ಹೊರಕ್ಕೆ, ಕೆಳಮುಖವಾಗಿ ತಳ್ಳಿ. ತಳ್ಳುವಾಗ ಮಾತ್ರ ಅರ ಕತ್ತರಿಸುತ್ತದೆ. ವಾಪಸ್ ತರುವಾಗ ಎತ್ತಿ ತನ್ನಿ, ಉಜ್ಜುತ್ತ ತರಬೇಡಿ. ಹೊರಕ್ಕೆ ತಳ್ಳಿದರೆ ಪುಡಿ ನೆಲಕ್ಕೆ ಬೀಳುತ್ತದೆ, ಕೀಬೋರ್ಡಿನ ಕಡೆ ಹಾರುವುದಿಲ್ಲ. ಮೊದಲ ಒಂದೆರಡು ಸಲ ಅರ ಕಿರ್ ಅಂತ ಜಾರುತ್ತದೆ, ಏನೂ ಆಗುತ್ತಿಲ್ಲವೇನೋ ಅನಿಸುತ್ತದೆ. ಮೇಲಿನ ಆನೊಡೈಸ್ ಪದರ, ಅಂದರೆ ಕಾರ್ಖಾನೆಯಲ್ಲೇ ಅಲ್ಯೂಮಿನಿಯಂ ಮೇಲೆ ಬರಿಸಿದ ಆಕ್ಸೈಡ್ ಹೊದಿಕೆ, ಲೋಹಕ್ಕಿಂತ ತುಂಬ ಗಟ್ಟಿ ಇರುವುದರಿಂದ ಹಾಗೆ. ಅದು ಹರಿದ ಕೂಡಲೇ ಸದ್ದು ಬದಲಾಗುತ್ತದೆ, ಅರ ಕಚ್ಚಲು ಶುರು ಮಾಡುತ್ತದೆ, ಕಪ್ಪು ಗೆರೆಯ ನಡುವೆ ಬೆಳ್ಳಗಿನ ಹೊಳೆಯುವ ಎಳೆ ಕಾಣುತ್ತದೆ. ಅಲ್ಲಿಂದ ಮುಂದೆ ಒತ್ತಡ ಕಡಿಮೆ ಮಾಡಿ. ಒಂದೇ ಕಡೆ ನಿಲ್ಲದೆ ಎಡದಿಂದ ಬಲಕ್ಕೆ ಸರಿಯುತ್ತಾ ಹೋಗಿ, ಇಲ್ಲದಿದ್ದರೆ ಅಂಚು ಅಲೆ ಅಲೆಯಾಗುತ್ತದೆ.

ಚೂಪು ಹೋಗಿ ಒಂದು ಸಣ್ಣ ಇಳಿಜಾರು ಆದ ಮೇಲೆ, ಅದರ ಮೇಲಿನ ಮತ್ತು ಕೆಳಗಿನ ಎರಡು ಹೊಸ ಮೂಲೆಗಳನ್ನೂ ಇನ್ನಷ್ಟು ಓರೆ ಹಿಡಿದು ತೆಗೆಯಿರಿ. ಆಮೇಲೆ 220 ಪೇಪರನ್ನು ಎರಡು ಬೆರಳಗಲಕ್ಕೆ ಪಟ್ಟಿ ಮಾಡಿ ಅಂಚಿನ ಮೇಲೆ ಬಾಗಿಸಿ ಎಳೆಯಿರಿ. ಉರುಟು ಆಕಾರ ಬರುವುದು ಇಲ್ಲೇ. ಹಿಂದೆಯೇ 400, ಕೊನೆಗೆ 800. ನಡುನಡುವೆ ಕಣ್ಣು ಮುಚ್ಚಿ ಮಣಿಕಟ್ಟಿನ ಒಳಭಾಗದಿಂದ ಸವರಿ ನೋಡಿ. ಬೆರಳ ತುದಿಗೆ ನುಣುಪು ಅನಿಸಿದ್ದು ಮಣಿಕಟ್ಟಿನ ತೆಳು ಚರ್ಮಕ್ಕೆ ಇನ್ನೂ ತಾಗುತ್ತಿರುತ್ತದೆ, ತೀರ್ಪು ಅದರದ್ದೇ.

ಎಷ್ಟು ಉಜ್ಜಿದರೆ ಸಾಕು?

ಅರ್ಧ ಮಿಲಿಮೀಟರ್ ಹೋದರೆ ಧಾರಾಳ. ಒಂದು ಮಿಲಿಮೀಟರ್ ದಾಟಬೇಡಿ. ಅಂಗೈ ಇಡುವ ಜಾಗದ ಅಡಿಯಲ್ಲೇ ಬ್ಯಾಟರಿ ಇರುತ್ತದೆ ಅನ್ನುವುದು ನೆನಪಿರಲಿ. ಡ್ರಿಲ್, ಗ್ರೈಂಡರ್ ತರುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ನಡುರೇಖೆಯಿಂದ ಎರಡೂ ಬದಿಗೆ ಅಂಗೈ ತಾಗುವಷ್ಟು ಜಾಗ ಉಜ್ಜಿದರೂ ಸಾಕು, ಪೂರ್ತಿ ಸುತ್ತ ಬೇಕಿಲ್ಲ.

ಲೋಹದ ಪುಡಿ ಒಳಗೆ ಹೋದರೆ?

ಅಲ್ಯೂಮಿನಿಯಂ ವಿದ್ಯುತ್ ಹರಿಯುವ ಲೋಹ. ಒಂದು ಸಣ್ಣ ಚೂರು ಒಳಗಿನ ಬೋರ್ಡಿನ ಮೇಲೆ ಚಿಪ್ಪಿನ ಎರಡು ಪಿನ್ನುಗಳ ನಡುವೆ ಬಿದ್ದರೆ ಶಾರ್ಟ್ ಆಗುತ್ತದೆ. ಅದಕ್ಕೇ ಟೇಪಿನ ಬಗ್ಗೆ ಅಷ್ಟು ಹೇಳಿದ್ದು. ಮ್ಯಾಗ್ನೆಟ್ ಹಿಡಿದರೆ ಬರುವ ಪುಡಿಯೂ ಅಲ್ಲ ಇದು. ಬಾಯಿಂದ ಊದಬೇಡಿ, ಊದಿದರೆ ಬೇಡದ ಕಡೆಗೇ ಹೋಗುತ್ತದೆ. ಟೇಪ್ ತೆಗೆಯುವ ಮೊದಲೇ ಇಡೀ ಮೈ ಒದ್ದೆ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಸಂದುಗಳಿಗೆ ಟೂತ್‌ಬ್ರಷ್ ಹಾಕಿ, ಇನ್ನೊಂದು ಟೇಪಿನ ಅಂಟು ಬದಿಯಿಂದ ಒತ್ತಿ ಒತ್ತಿ ಎತ್ತಿ. ಹಳೆ ಟೇಪನ್ನು ಒಳಮುಖವಾಗಿ ಮಡಚುತ್ತಾ ತೆಗೆಯಿರಿ. ಕೆಲಸ ಮಾಡಿದ ಜಾಗದ ನೆಲವನ್ನೂ ಒದ್ದೆ ಬಟ್ಟೆಯಿಂದಲೇ ಒರೆಸಿ, ಗುಡಿಸಬೇಡಿ. ಅಡುಗೆಮನೆಯಲ್ಲಿ ಮಾಡಲೇಬೇಡಿ. ಉಕ್ಕಿನ ನಾರಿನಲ್ಲಿ ಪಾಲಿಶ್ ಮಾಡುವ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ, ಅದರ ಎಳೆಗಳು ಮುರಿದು ಪೋರ್ಟಿನೊಳಗೆ ಸೇರುತ್ತವೆ.

ಬಣ್ಣ ಹೋಗುತ್ತದಲ್ಲ? ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ವಾ?

ಬಣ್ಣ ಹೋಗುತ್ತದೆ. ಬೆಳ್ಳಿ ಬಣ್ಣದ್ದಾದರೆ ಅಷ್ಟೇನೂ ಕಾಣುವುದಿಲ್ಲ. ಬೂದು, ಕಪ್ಪು, ನೀಲಿ ಆದರೆ ಒಂದು ಬೆಳ್ಳಗಿನ ಗೆರೆ ಉಳಿಯುತ್ತದೆ. ಆನೊಡೈಸ್ ಪದರವನ್ನು ಮನೆಯಲ್ಲಿ ವಾಪಸ್ ತರಲು ಸಾಧ್ಯವಿಲ್ಲ. ಇದನ್ನು ಒಪ್ಪಿಕೊಳ್ಳಲು ಆಗುವುದಿಲ್ಲ ಅನ್ನುವವರು ಉಜ್ಜಬೇಡಿ.

ಕಬ್ಬಿಣದ ಹಾಗೆ ಕೆಂಪು ತುಕ್ಕು ಬರುವುದಿಲ್ಲ. ಉಜ್ಜಿದ ಅಲ್ಯೂಮಿನಿಯಂ ಮೇಲೆ ಗಾಳಿಗೆ ತಾನಾಗಿಯೇ ಕೆಲವೇ ನ್ಯಾನೋಮೀಟರಿನ ಆಕ್ಸೈಡ್ ಪದರ ಕೂರುತ್ತದೆ, ಅದೇ ಲೋಹವನ್ನು ಕಾಯುತ್ತದೆ. ಆದರೆ ಉಪ್ಪು ಆ ತೆಳು ಪದರದ ಶತ್ರು. ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆ ಕಡಲ ಬದಿಯಲ್ಲೇ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಿಟಕಿಯ ಸರಳು ನೋಡಿದ್ದೀರಿ. ಗಾಳಿಯ ಉಪ್ಪಿಗೆ ಕೈಯ ಬೆವರೂ ಸೇರಿದರೆ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಬಿಳಿ ಪುಡಿ ಏಳುತ್ತದೆ. ಸಂಜೆ ಕೆಲಸ ಮುಗಿಸುವಾಗ ಒಮ್ಮೆ ಒದ್ದೆ ಹಿಂಡಿದ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಆಗಾಗ ಅಂಚಿಗೆ ಮಾತ್ರ ತೆಳುವಾಗಿ ಕಾರಿನ ವ್ಯಾಕ್ಸ್ ಹಚ್ಚಿ ಒರೆಸಿ. ಗುಳಿ ಬಿದ್ದರೂ 800 ನಂಬರಿನಲ್ಲಿ ಸ್ವಲ್ಪ ಸವರಿದರೆ ಹೋಗುತ್ತದೆ.

ಅಂಚು ಮುಟ್ಟಿದರೆ ಜುಂ ಅನ್ನುತ್ತದೆ. ಉಜ್ಜಿದ್ದರಿಂದ ಶಾಕ್ ಹೊಡೆಯುತ್ತಿದೆಯಾ?

ಉಜ್ಜುವ ಮೊದಲೂ ಅದು ಇತ್ತು. ಈಗ ಜಾಸ್ತಿ ಗೊತ್ತಾಗುತ್ತಿದೆ ಅಷ್ಟೇ. ಎರಡೇ ಪಿನ್ನಿನ ಅಡಾಪ್ಟರಿಗೆ ಅರ್ಥ್ ಇರುವುದಿಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ತುಂಬ ಸಣ್ಣ ಪ್ರಮಾಣದ ಕರೆಂಟ್ ಲೋಹದ ಬಾಡಿಗೆ ಬರುತ್ತದೆ. ಚಾರ್ಜಿಗೆ ಹಾಕಿ ಬರಿಗಾಲಿನಲ್ಲಿ ನೆಲ ಮುಟ್ಟಿ ಕೂತಾಗ, ಅದೂ ಕೈ ಬೆವೆತಿದ್ದಾಗ, ಚರ್ಮ ತರಿತರಿಯಾದ ಹಾಗೆ ಅನಿಸುತ್ತದೆ. ಆನೊಡೈಸ್ ಪದರ ವಿದ್ಯುತ್ತನ್ನು ತಡೆಯುತ್ತದೆ. ಅದು ಹೋದ ಜಾಗದಲ್ಲಿ ಬರಿ ಲೋಹ ನಿಮ್ಮ ಚರ್ಮಕ್ಕೆ ನೇರ ತಾಗುತ್ತದೆ.

ಮೂರು ಪಿನ್ನಿನ, ಅರ್ಥ್ ಇರುವ ಕೇಬಲ್ ನಿಮ್ಮ ಅಡಾಪ್ಟರಿಗೆ ಸಿಗುತ್ತದಾದರೆ ಅದನ್ನೇ ಹಾಕಿ. ಹೆಚ್ಚಿನವರಿಗೆ ಜುಂ ಅನ್ನುವುದು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಮನೆಯ ಅರ್ಥಿಂಗ್ ನೋಡಿಸಿ. ನಮ್ಮಲ್ಲಿ ಮುರಕಲ್ಲಿನ ನೆಲ, ಏಪ್ರಿಲ್ ಮೇ ತಿಂಗಳಲ್ಲಿ ಪೂರ್ತಿ ಒಣಗಿರುತ್ತದೆ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಅಭ್ಯಾಸ ಹಿರಿಯರಿಗಿತ್ತು, ಈಗ ಗುಂಡಿ ಎಲ್ಲಿದೆ ಅಂತಲೇ ಎಷ್ಟೋ ಮನೆಗಳಲ್ಲಿ ಮರೆತಿದ್ದಾರೆ. ಜುಂ ಅನ್ನುವುದನ್ನು ಮೀರಿ ಸರಿಯಾಗಿ ಹೊಡೆದರೆ ಮಾತ್ರ ತಕ್ಷಣ ಪ್ಲಗ್ ಎಳೆದು ಎಲೆಕ್ಟ್ರಿಶಿಯನ್‌ನನ್ನು ಕರೆಯಿರಿ. ಅದು ಬೇರೆಯೇ ವಿಷಯ.

ಉಜ್ಜಲು ಧೈರ್ಯ ಇಲ್ಲ. ಅಂಟಿಸುವಂಥದ್ದು ಏನಾದರೂ?

ಇದೆ. ಅಂಚಿನ ಮೇಲೆ ತೆಳು ಬಟ್ಟೆಯ ಟೇಪ್ ಎರಡು ಪದರ ಹಾಕಿ ನೋಡಿ. ಚೂಪು ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಬೇಡವಾದರೆ ಕಿತ್ತುಬಿಡಬಹುದು. ಫೋಮ್, ಫೆಲ್ಟ್ ಪಟ್ಟಿಗಳು ಬೇರೆ ಊರಿನವರಿಗೆ ಸರಿ. ನಮ್ಮ ಮಳೆಗಾಲದಲ್ಲಿ ಬೆವರು ಹೀರಿಕೊಂಡು ಬೂಸ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ಗಮ್ ಕರಗಿ ಕೈಗೆ ಅಂಟುತ್ತದೆ. ಏನೇ ಅಂಟಿಸಿದರೂ ಮುಚ್ಚಳ ಮುಚ್ಚಿದಾಗ ಪರದೆಗೆ ಒತ್ತದ ಹಾಗೆ ನೋಡಿಕೊಳ್ಳಿ.

ಹಿಂದಿನ ಕಾಲಿಗೆ ರಬ್ಬರ್ ಬುಷ್ ಅಂಟಿಸಿ ಎತ್ತರ ಮಾಡಬಹುದಾ?

ಗಾಳಿಯಾಡಲು ಒಳ್ಳೆಯದು, ನಮ್ಮ ಸೆಕೆಗೆ ಬೇಕೇ ಬೇಕು. ಆದರೆ ಹಿಂಬದಿ ಎದ್ದಷ್ಟೂ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಅದು ಕೈಗೆ ಒಳ್ಳೆಯದಲ್ಲ. ಸಣ್ಣ ಬುಷ್ ಸಾಕು. ಪರದೆಯೇ ಎತ್ತರಕ್ಕೆ ಬೇಕು ಅನ್ನುವವರು ಸ್ಟ್ಯಾಂಡ್ ಮೇಲಿಟ್ಟು ಬೇರೆ ಕೀಬೋರ್ಡ್ ಜೋಡಿಸಿ. ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಾನು ಅರ ಹಾಕಿದ್ದು ಬಸ್‌ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ, ಚಾವಡಿಯಲ್ಲಿ ಎಲ್ಲ ಕಡೆ ತೊಡೆಯ ಮೇಲಿಟ್ಟು ಟೈಪ್ ಮಾಡುತ್ತೇನೆ ಅಂತ.

ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಹಾಕಿದರೆ?

ತೆಳುವಾಗಿದ್ದರೆ ಹಾಕಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಕೀ ಮತ್ತು ಪರದೆಯ ನಡುವೆ ಜಾಗವೇ ಇರುವುದಿಲ್ಲ. ಕ್ಯಾಮೆರಾ ಮುಚ್ಚುವ ಪಟ್ಟಿಯೂ 0.1 ಮಿಲಿಮೀಟರಿಗಿಂತ ದಪ್ಪ ಇರಬಾರದು ಅಂತ ಆ್ಯಪಲ್ ಹೇಳುತ್ತದೆ. ದಪ್ಪ ಸ್ಟಿಕ್ಕರಿನಿಂದ ಪರದೆಯ ಮೇಲೆ ಗುರುತು ಬೀಳಬಹುದು. ನನ್ನ ಸಲಹೆ ಕೇಳಿದರೆ ಸ್ಟಿಕ್ಕರ್ ಬೇಡ, ಒಂದು ತಿಂಗಳು ನೋಡದೆ ಟೈಪ್ ಮಾಡಿ ಕಲಿಯಿರಿ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಬಳಸುವ ಕೀಲಿಮಣೆ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ಅಕ್ಷರಗಳು ಉಚ್ಚಾರಕ್ಕೆ ಹತ್ತಿರದ ಇಂಗ್ಲಿಷ್ ಕೀಗಳಲ್ಲೇ ಇರುವುದರಿಂದ ಬೇಗ ಕೈಗೆ ಹತ್ತುತ್ತದೆ.

ಆಫೀಸಿನ ಲ್ಯಾಪ್‌ಟಾಪಿಗೆ?

ಬೇಡ. ಅದು ನಿಮ್ಮದಲ್ಲ. ಕೈ ನೋಯುತ್ತದೆ ಅಂತ ಹೇಳಿ ಬೇರೆ ಕೀಬೋರ್ಡ್ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಮುಂದೆ ಮಾರುವಾಗ ಬೆಲೆ ಬರುತ್ತದಾ?

ಕಡಿಮೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿ ಹೊಸದು ಕೊಳ್ಳುವವರು ಟೇಪಿನಲ್ಲೇ ಸುಧಾರಿಸಿ. ಪೂರ್ತಿ ಸವೆಯುವವರೆಗೆ ಬಳಸುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಬೇರೆಯವರ ಕೈಯಲ್ಲಿ ಮಾಡಿಸಬಹುದಾ?

ಫ್ಯಾಬ್ರಿಕೇಶನ್ ಕೆಲಸದವರಿಗೆ ಅರ ಹಿಡಿಯುವುದು ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅವರ ಅಂಗಡಿಯ ಗಾಳಿಯಲ್ಲೇ ಲೋಹದ ಪುಡಿ ಇರುತ್ತದೆ. ಟೇಪ್ ಎಲ್ಲ ಮನೆಯಲ್ಲೇ ಹಾಕಿಕೊಂಡು ಹೋಗಿ, ಗ್ರೈಂಡರ್ ಮುಟ್ಟಬಾರದು ಅಂತ ಮೊದಲೇ ಹೇಳಿ, ಪಕ್ಕದಲ್ಲೇ ನಿಂತು ಮಾಡಿಸಿ. ಎಷ್ಟು ಉರುಟು ಬೇಕು ಅನ್ನುವುದು ನಿಮ್ಮ ಮಣಿಕಟ್ಟಿಗೇ ಗೊತ್ತಾಗಬೇಕು, ಹಾಗಾಗಿ ಕೊನೆಯ 400, 800 ಪೇಪರಿನ ಕೆಲಸ ಮನೆಗೆ ತಂದು ನೀವೇ ಮಾಡುವುದು ಒಳ್ಳೆಯದು.

ಮಳೆಗಾಲದಲ್ಲಿ ಮಾಡಬಹುದಾ?

ಮಾಡಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕು ಕಡಿಮೆ, ಕೈ ಬೆವೆತು ಅರ ಜಾರುತ್ತದೆ, ಮಾಸ್ಕಿಂಗ್ ಟೇಪೂ ಸರಿಯಾಗಿ ಹಿಡಿಯುವುದಿಲ್ಲ. ಅವಸರ ಇಲ್ಲದಿದ್ದರೆ ನವೆಂಬರಿನ ನಂತರ ಒಂದು ಬೆಳಗ್ಗೆ ಇಟ್ಟುಕೊಳ್ಳಿ. ಕಿಟಕಿಯ ಬೆಳಕು ಅಡ್ಡದಿಂದ ಬೀಳುವ ಹಾಗೆ ಕೂತರೆ ಅಂಚಿನ ಮೇಲಿನ ಒಂದೊಂದು ಗೀರೂ ಕಾಣುತ್ತದೆ. ಮಾರ್ಕರಿನ ಕಪ್ಪು ಉಳಿದಿದ್ದರೆ ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿ, ಹೋಗುತ್ತದೆ.